ವಿಕೆಟ್ ನಷ್ಟವಿಲ್ಲದೆ 114

29 ಮೇ 2025, ಗುರುವಾರ, ರಾತ್ರಿ

ಗೆದ್ದೆವು. ನಮ್ಮ ಬೆಂಗಳೂರು ತಂಡ ಆರ್‌ಸಿಬಿ ಐಪಿಎಲ್ ಫೈನಲ್‌ಗೆ ಹೋಯಿತು. ಪಂಜಾಬ್ 101ಕ್ಕೆ ಆಲೌಟ್. ನಮ್ಮವರು ಹತ್ತೇ ಓವರ್‌ನಲ್ಲಿ ಮುಗಿಸಿಬಿಟ್ಟರು. ಸಾಲ್ಟ್ ಔಟಾಗದೆ 56, ಕೊನೆಗೆ ಪಾಟೀದಾರ್ ಸಿಕ್ಸ್. ಕೆಳಗೆ ರಸ್ತೆಯಲ್ಲಿ ಹುಡುಗರು ಇನ್ನೂ ಪಟಾಕಿ ಹೊಡೆಯುತ್ತಿದ್ದಾರೆ. ನಾನು ಮಾತ್ರ ಆಗಿನಿಂದ ಟಿವಿ ಮುಂದೆ ಹಾಗೇ ಕೂತಿದ್ದೇನೆ.

ಖುಷಿ ಇಲ್ಲ ಅಂತಲ್ಲ. ಜಾಸ್ತಿನೇ ಇದೆ. ಆದರೆ ಇವತ್ತು ಮೇ 29. ಒಂಬತ್ತು ವರ್ಷದ ಹಿಂದೆ ಇದೇ ತಾರೀಕು, ಭಾನುವಾರ, 2016ರ ಫೈನಲ್ ನೋಡಲು ಅಣ್ಣನೂ ನಾನೂ ಚಿನ್ನಸ್ವಾಮಿ ಸ್ಟೇಡಿಯಂನಲ್ಲಿದ್ದೆವು. ಈ ಬ್ಲಾಗ್ ಓದುವವರಿಗೆ ಅದನ್ನು ಮತ್ತೆ ಹೇಳಬೇಕಿಲ್ಲ. ಹೇಳಬಾರದು ಅಂತಲೇ ಇದ್ದೆ. ಅಷ್ಟರಲ್ಲಿ ಅಣ್ಣ ಫೋನ್ ಮಾಡಿದ.

ಅಣ್ಣ ಕ್ರಿಕೆಟ್ ಬಿಟ್ಟು ಒಂಬತ್ತು ವರ್ಷ ಆಯಿತು. ಅವತ್ತಿನ ಫೈನಲ್ ಆದಮೇಲೆ ಒಂದೇ ಒಂದು ಮ್ಯಾಚ್ ನೋಡಿಲ್ಲ. ಹುಬ್ಬಳ್ಳಿಗೆ ಹೋದಮೇಲಂತೂ ಆ ಮಾತೇ ಇಲ್ಲ. ಅವನ ಮಗ ಸ್ಕೋರ್ ಹೇಳಲು ಬಂದರೂ ಎದ್ದು ಹೋಗುತ್ತಿದ್ದ. ಅವನಿಗೆ ಸಿಟ್ಟು ಅಂತ ನಾವೆಲ್ಲ ಅಂದುಕೊಂಡಿದ್ದೆವು. ಸಿಟ್ಟು ಬರುವಂಥದ್ದೇ ಆಗಿತ್ತಲ್ಲ.

ಇವತ್ತು ಫೋನ್ ಎತ್ತಿದ ಕೂಡಲೇ ಅವನು ಹೇಳಿದ್ದು, "ಟಿವಿ ಹಾಕಿದ್ದೆ ಕಣೇ."

"ಎಷ್ಟು ಹೊತ್ತು?"

"ಪೂರ್ತಿ."

ನನಗೆ ಏನು ಹೇಳಬೇಕು ತೋಚಲಿಲ್ಲ. ಆ ಕಡೆಯಿಂದ ಪುಟ್ಟನ ಕೂಗು ಕೇಳಿಸುತ್ತಿತ್ತು. ಅತ್ತೆ, ಅತ್ತೆ, ಅಪ್ಪ ಸೋಫಾ ಬಿಟ್ಟು ಏಳಲೇ ಇಲ್ಲ, ನನ್ನನ್ನೂ ಏಳೋಕೆ ಬಿಡಲಿಲ್ಲ. ಸ್ಪೀಕರ್ ಹಾಕಿ ಇಲ್ಲಿ ನಮ್ಮಪ್ಪನ ಕಿವಿಗೂ ಕೇಳುವ ಹಾಗೆ ಫೋನ್ ಮಧ್ಯದಲ್ಲಿಟ್ಟೆ. ಸ್ವಲ್ಪ ಹೊತ್ತು ಎಲ್ಲರೂ ಒಟ್ಟಿಗೇ ಮಾತಾಡಿದೆವು. ಹೇಜಲ್‌ವುಡ್, ಸುಯಶ್, ಆ ಕ್ಯಾಚು, ಈ ಬಾಲು. ಆಮೇಲೆ ಪುಟ್ಟ ಕೇಳಿದ, "ಅತ್ತೆ, ಎಲ್ಲಕ್ಕಿಂತ ಕೆಟ್ಟ ಸೋಲು ಯಾವುದು?"

ಗೆದ್ದ ರಾತ್ರಿ ಕೇಳುವ ಪ್ರಶ್ನೆನಾ ಅದು? ಆದರೆ ಕೇಳಿದ್ದು ಸರಿಯಾಗಿಯೇ ಇತ್ತು. ನಾವೆಲ್ಲ ಅದನ್ನೇ ಯೋಚಿಸುತ್ತಿದ್ದೆವು.

ಅವನದು ಅವನಿಗೆ ಗೊತ್ತಿತ್ತು. 2021, ಶಾರ್ಜಾ, ಕೋಲ್ಕತ್ತಾ ಎದುರು ಎಲಿಮಿನೇಟರ್, ಸೋತರೆ ಹೊರಗೆ ಅನ್ನುವ ಪಂದ್ಯ. ನಮ್ಮದು 138. ನರೈನ್ ನಾಲ್ಕು ವಿಕೆಟ್ ತೆಗೆದ. ಕೊಹ್ಲಿ, ಎಬಿಡಿ ಅಂದರೆ ಡಿವಿಲಿಯರ್ಸ್, ಮ್ಯಾಕ್ಸ್‌ವೆಲ್, ಭರತ್. ಆಮೇಲೆ ಬ್ಯಾಟ್ ಹಿಡಿದು ಬಂದು ಒಂದೇ ಓವರ್‌ನಲ್ಲಿ ಮೂರು ಸಿಕ್ಸ್. ಎರಡು ಬಾಲ್ ಬಾಕಿ ಇದ್ದಾಗ ಮುಗಿಯಿತು. ಕೊಹ್ಲಿ ಖಾಯಂ ನಾಯಕನಾಗಿ ಆರ್‌ಸಿಬಿಗೆ ಆಡಿದ ಕೊನೆಯ ಪಂದ್ಯ ಅಂತ ಎಲ್ಲರೂ ಅದನ್ನೇ ಮಾತಾಡಿದರು. ಪುಟ್ಟನಿಗೆ ಆಗ ಎಂಟು ವರ್ಷ. ಅವತ್ತು ಅಳಲಿಲ್ಲವಂತೆ. ಅತ್ತದ್ದು ನವೆಂಬರ್‌ನಲ್ಲಿ, ಎಬಿಡಿ ಇನ್ನು ಆಡಲ್ಲ ಅಂದ ದಿನ. "ಅದು ಎಬಿಡಿದು ಲಾಸ್ಟ್ ಮ್ಯಾಚ್ ಅಂತ ಗೊತ್ತಿದ್ದಿದ್ರೆ ಸರಿಯಾಗಿ ನೋಡ್ತಿದ್ದೆ ಅತ್ತೆ. ಅವನು ಔಟಾದ ಮೇಲೆ ನಾನು ಒಳಗೆ ಹೋಗಿಬಿಟ್ಟೆ" ಅಂದ. ನನಗೆ ಗಂಟಲು ಕಟ್ಟಿತು. ಸುಮ್ಮನೆ ಹೂಂ ಅಂದೆ.

ಅಪ್ಪ ಅಷ್ಟು ಹೊತ್ತು ಕಣ್ಣು ಮುಚ್ಚಿ ಕೂತಿದ್ದರು. ನಿದ್ದೆ ಬಂದಿದೆ ಅಂದುಕೊಂಡಿದ್ದೆ. "ಆರು ರನ್" ಅಂದರು.

2009. ಜೋಹಾನ್ಸ್‌ಬರ್ಗ್. ಚುನಾವಣೆ ಅಂತ ಟೂರ್ನಿಯನ್ನೇ ದಕ್ಷಿಣ ಆಫ್ರಿಕಾಕ್ಕೆ ಕಳಿಸಿದ್ದ ವರ್ಷ. ಹಿಂದಿನ ವರ್ಷ ಏಳನೇ ಸ್ಥಾನದಲ್ಲಿದ್ದ ತಂಡವನ್ನು ಕುಂಬ್ಳೆ ಫೈನಲ್‌ವರೆಗೆ ಕರೆತಂದಿದ್ದರು. ಮೊದಲ ಓವರ್ ತಾವೇ ಹಾಕಿ ಗಿಲ್‌ಕ್ರಿಸ್ಟ್‌ನನ್ನು ಸೊನ್ನೆಗೆ ಬೌಲ್ಡ್ ಮಾಡಿದರು. ನಾಲ್ಕು ಓವರ್, 16 ರನ್, ನಾಲ್ಕು ವಿಕೆಟ್. ಹೈದರಾಬಾದಿನ ಡೆಕ್ಕನ್ ಚಾರ್ಜರ್ಸ್ 143. ನಾವು 137. ಪಂದ್ಯಶ್ರೇಷ್ಠ ಕುಂಬ್ಳೆ, ಕಪ್ ಡೆಕ್ಕನ್‌ಗೆ.

"ಆ ಮನುಷ್ಯ ಇನ್ನೇನು ಮಾಡಬೇಕಿತ್ತು ಹೇಳು" ಅಂದರು ಅಪ್ಪ. ಹದಿನಾರು ವರ್ಷದಿಂದ ಅವರದು ಅದೇ ಮಾತು. ಕುಂಬ್ಳೆಗೆ ಆಗ 38. ನಿವೃತ್ತಿಗೆ ಹತ್ತಿರ ಬಂದಿದ್ದ ಅಪ್ಪನಿಗೆ ಅದು ಬೇರೆ ರೀತಿ ತಾಗಿರಬೇಕು ಅಂತ ನನಗೆ ಈಗ ಅನಿಸುತ್ತದೆ. ಆಗ ಅನಿಸಿರಲಿಲ್ಲ.

ಆದರೆ ಅಪ್ಪನ ಆರು ರನ್ ಅಲ್ಲಿಗೆ ಮುಗಿಯುವುದಿಲ್ಲ. ಎಂಟು ತಿಂಗಳಿಗೆ ಇನ್ನೊಂದು ಬಂತು. ಮೈಸೂರು, ಗಂಗೋತ್ರಿ ಗ್ಲೇಡ್ಸ್, ರಣಜಿ ಫೈನಲ್, ಮುಂಬೈ. ಸಂಕ್ರಾಂತಿ ದಿನ. ಅಪ್ಪ ಹಬ್ಬ ಬಿಟ್ಟು ಹೋಗಿದ್ದರು. ಮೊದಲ ಇನಿಂಗ್ಸ್‌ನಲ್ಲಿ 130ಕ್ಕೆ ಔಟಾದ ಕರ್ನಾಟಕ ನಾಲ್ಕನೇ ಇನಿಂಗ್ಸ್‌ನಲ್ಲಿ 338 ಹೊಡೆಯಲು ಹೊರಟಿತ್ತು. ಮನೀಶ್ ಪಾಂಡೆ 144, ಗಣೇಶ್ ಸತೀಶ್ ಜೊತೆ ಆ ದೊಡ್ಡ ಜೊತೆಯಾಟ. ಮಧ್ಯಾಹ್ನದ ಹೊತ್ತಿಗೆ ಗೆದ್ದೇಬಿಟ್ಟೆವು ಅಂತ ಪಕ್ಕದಲ್ಲಿದ್ದ ಗುರುತಿಲ್ಲದವರೆಲ್ಲ ಅಪ್ಪನ ಕೈ ಕುಲುಕಿದ್ದರಂತೆ. 331ಕ್ಕೆ ಆಲೌಟ್. ಅವತ್ತು ಸಂಜೆ ಅಪ್ಪ ಮನೆಗೆ ಬಂದು ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತಿದ್ದರು. ಅಮ್ಮ ಎಳ್ಳು ಬೆಲ್ಲದ ತಟ್ಟೆ ಹಿಡಿದುಕೊಂಡು ಬಂದವರು ಹಾಗೇ ಒಳಗೆ ಹೋದರು. ಅದು ನನಗೆ ಚೆನ್ನಾಗಿ ನೆನಪಿದೆ.

"ಅಲ್ಲೂ ಆರು, ಇಲ್ಲೂ ಆರು" ಅಂದರು ಅಪ್ಪ ಫೋನ್ ಕಡೆ ತಿರುಗಿ. "ಆ ಆರು ರನ್ ನಮಗೆ ಬರಬೇಕಾದ್ದು ಕಣೋ. ಇನ್ನೂ ಬಂದಿಲ್ಲ."

ಪುಟ್ಟ ಬರೆದುಕೊಳ್ಳುತ್ತಿದ್ದನೋ ಏನೋ, 2011 ಯಾಕೆ ಯಾರೂ ಹೇಳಲ್ಲ ಅಂತ ಕೇಳಿದ. ಅದೂ ಫೈನಲ್ಲೇ. ಚೆನ್ನೈಯಲ್ಲಿ, ಚೆನ್ನೈ ಎದುರು. ಆದರೆ ಅದು ನನಗೆ ಅಷ್ಟು ನೋಯಲಿಲ್ಲ. ಮುರಳಿ ವಿಜಯ್ 95, ಅವರು 205. ಗೇಲ್ ಮೊದಲ ಓವರ್‌ನಲ್ಲೇ ಸೊನ್ನೆಗೆ ಹೋದ. 58 ರನ್ ಸೋಲು. ಅಂಥ ಸೋಲನ್ನು ತಡೆದುಕೊಳ್ಳಬಹುದು. ಬೇಗ ಬಂದು ಎದುರಿಗೆ ಕೂರುತ್ತದೆ, ನಮಗೂ ಸಮಯ ಸಿಗುತ್ತದೆ. 2022ರಲ್ಲಿ ರಾಜಸ್ಥಾನದ ಬಟ್ಲರ್ ನೂರು ಹೊಡೆದು ನಮ್ಮನ್ನು ಸೋಲಿಸಿದ ರಾತ್ರಿಯೂ ಹಾಗೇ. ನೋವಾಯಿತು, ನಿದ್ದೆ ಬಂತು.

ನಿದ್ದೆ ಬಾರದ್ದು ಒಂದೇ ಸಲ.

2016ರಲ್ಲಿ ಹೈದರಾಬಾದ್ 208 ಹೊಡೆದಾಗ ನಾವು ಹೆದರಿರಲಿಲ್ಲ. ಐದು ದಿನದ ಹಿಂದೆ ಅದೇ ಮೈದಾನದಲ್ಲಿ ಗುಜರಾತ್ ಎದುರು 29ಕ್ಕೆ ಐದು ವಿಕೆಟ್ ಬಿದ್ದಮೇಲೂ ಎಬಿಡಿ ಗೆಲ್ಲಿಸಿದ್ದ. ಕೊಹ್ಲಿಗೆ ಆ ಸೀಸನ್‌ನಲ್ಲಿ ನಾಲ್ಕು ಸೆಂಚುರಿ. 208 ಏನು ದೊಡ್ಡದು? ಗೇಲ್ ಹೊಡೆಯಲು ಶುರು ಮಾಡಿದ. ಹತ್ತು ಓವರ್ ಆಗುವಷ್ಟರಲ್ಲಿ ಸ್ಟೇಡಿಯಂನಲ್ಲಿ ಯಾರೂ ಕೂತಿರಲಿಲ್ಲ. ಬೋರ್ಡ್ ಮೇಲೆ 114, ವಿಕೆಟ್ ಸೊನ್ನೆ. ನನ್ನ ಬದುಕಿನಲ್ಲಿ ಅಷ್ಟು ಜನ ಒಟ್ಟಿಗೆ ಸಂತೋಷವಾಗಿದ್ದದ್ದನ್ನು ನಾನು ಇನ್ನೆಲ್ಲೂ ಕಂಡಿಲ್ಲ. ಮುಂದಿನ ಸಾಲಿನ ಅಜ್ಜಿಯೊಬ್ಬರು ಹಿಂದೆ ತಿರುಗಿ ನನ್ನ ಕೆನ್ನೆ ಹಿಡಿದು ನಕ್ಕರು. ಅವರು ಯಾರೋ, ನಾನು ಯಾರೋ.

ಆಮೇಲೆ ಗೇಲ್ 76ಕ್ಕೆ ಥರ್ಡ್‌ಮ್ಯಾನ್‌ನಲ್ಲಿ ಕ್ಯಾಚ್. ಕೊಹ್ಲಿ 54ಕ್ಕೆ ಬೌಲ್ಡ್. ಎಬಿಡಿ ಐದು. ರಾಹುಲ್, ವಾಟ್ಸನ್. ಐವತ್ತು ರನ್ ಒಳಗೆ ಐದು ವಿಕೆಟ್. ಎಂಟು ರನ್‌ಗೆ ಸೋತೆವು.

ನನ್ನನ್ನು ಕಾಡುವುದು ಆ ಎಂಟು ರನ್ ಅಲ್ಲ. ಆ 114. ಸೋಲು ಮರೆಯಬಹುದು. ಗೆದ್ದೆವು ಅಂತ ಮೈಯೆಲ್ಲ ನಂಬಿದ್ದ ಆ ಹತ್ತು ಓವರ್ ಮರೆಯಲು ಆಗುವುದಿಲ್ಲ. ಇವತ್ತೂ ಒಳ್ಳೆಯದೇನಾದರೂ ಆಗುತ್ತಿದೆ ಅನಿಸಿದರೆ ಎಲ್ಲೋ ಒಂದು ಕಡೆ ಆ ಬೋರ್ಡ್ ಕಾಣುತ್ತದೆ. ಇದು ಕ್ರಿಕೆಟ್ಟಿಗೆ ಮಾತ್ರ ಅಲ್ಲ.

ಇದನ್ನೇ ಅಣ್ಣನಿಗೆ ಹೇಳಿದೆ. ಅವನು ಮಾತಾಡಲಿಲ್ಲ. ಸ್ಪೀಕರ್ ತೆಗಿ ಅಂದ. ತೆಗೆದು ಬಾಲ್ಕನಿಗೆ ಹೋದೆ. ಅವನ ಕಡೆಯೂ ಬಾಗಿಲು ಹಾಕಿದ ಸದ್ದು ಕೇಳಿತು.

"ಅವತ್ತು ನಾನೊಂದು ಮಾತು ಹೇಳಿದ್ದೆ. ನೆನಪಿದೆಯಾ?"

"ಯಾವಾಗ?"

"114 ಆದಾಗ. ನಿನ್ನ ಕಿವಿ ಹತ್ತಿರ ಬಂದು ಗೆದ್ವಿ ಕಣೇ ಅಂದೆ. ಅದಾದ ಬಾಲಿಗೇ ಗೇಲ್ ಹೋದ."

ಅಣ್ಣ ಯಾವತ್ತೂ ಹಾಗೆ ಹೇಳುವವನಲ್ಲ. ಚಿಕ್ಕಂದಿನಿಂದಲೂ ಕೊನೆಯ ಬಾಲ್ ಬೀಳುವವರೆಗೆ ಬಾಯಿ ಬಿಡುವವನಲ್ಲ. ನಾವು ಕೂಗಿದರೆ ಗದರುತ್ತಿದ್ದ. ಸ್ಕೋರು, ಬಾಲು, ರನ್ ರೇಟು, ಎಲ್ಲ ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದ. ಅವತ್ತೂ ಹಾಕಿದ್ದನಂತೆ. 58 ಬಾಲಿಗೆ 95, ಹತ್ತು ವಿಕೆಟ್ ಕೈಯಲ್ಲಿ. ಲೆಕ್ಕದ ಪ್ರಕಾರ ಸೋಲುವ ಹಾಗೇ ಇರಲಿಲ್ಲ. ಅದಕ್ಕೇ ಬಾಯಿ ಬಿಟ್ಟನಂತೆ. ಒಂದೇ ಸಲ.

"ಒಂಬತ್ತು ವರ್ಷ ಇದನ್ನು ಇಟ್ಕೊಂಡು ಕೂತಿದ್ದೀಯಾ?"

"ಹುಚ್ಚು ಅಂತ ಗೊತ್ತು."

"ಅಣ್ಣ, ಅವರ ಕೊನೆಯ ಓವರ್‌ನಲ್ಲಿ 24 ರನ್ ಹೋಯ್ತು. ನಾವು ಸೋತಿದ್ದು ಎಂಟಕ್ಕೆ. ಆ ಓವರ್ ಹಾಕಿದಾಗ ನೀನು ಒಂದು ಮಾತೂ ಆಡಿರಲಿಲ್ಲ."

"ಗೊತ್ತು ಕಣೇ. ಎಲ್ಲ ಗೊತ್ತು."

ಗೊತ್ತಿರುವುದಕ್ಕೂ ನಂಬುವುದಕ್ಕೂ ಸಂಬಂಧ ಇಲ್ಲ. ನನಗೂ ಗೊತ್ತು. ಅವನಿಗೆ ಆಮೇಲೆ ನಿಜ ಹೇಳಿದೆ. ಆ ಮಾತು ನನಗೆ ಕೇಳಿಸಿರಲೇ ಇಲ್ಲ. ಅಷ್ಟು ಗದ್ದಲದಲ್ಲಿ ಹೇಗೆ ಕೇಳಿಸೀತು? ಅವನು ಬಗ್ಗಿದ್ದು ಮಾತ್ರ ನೆನಪಿದೆ. ನನ್ನ ಮಣಿಕಟ್ಟು ಹಿಡಿದಿದ್ದ, ಬಿಗಿಯಾಗಿ. ನಗುತ್ತಿದ್ದ. ಮ್ಯಾಚ್ ಮುಗಿದಮೇಲೆ ಮನೆಯವರೆಗೂ ನಡೆದೇ ಬಂದೆವು. ಒಂದು ಮಾತಿಲ್ಲ. ನಮ್ಮ ಜೊತೆ ರಸ್ತೆಯಲ್ಲಿ ನೂರಾರು ಜನ ಕೆಂಪು ಜರ್ಸಿಯಲ್ಲಿ ಹಾಗೇ ನಡೆಯುತ್ತಿದ್ದರು.

"ಕೇಳಿಸಿರಲಿಲ್ವಾ?" ಅಂತ ಎರಡು ಸಲ ಕೇಳಿದ.

"ಇಲ್ಲ ಅಣ್ಣ."

ಅವನು ಉಸಿರು ಬಿಟ್ಟದ್ದು ನನಗೆ ಕೇಳಿಸಿತು.

ಕೆಳಗೆ ಮತ್ತೆ ಶುರುವಾಗಿದೆ. ಈ ಸಲ ಕಪ್ ನಮ್ದೇ. ಹೊರಗಿನವರು ಇದನ್ನು ಹೇಳಿ ನಗುತ್ತಾರೆ. ನಗಲಿ. ಪ್ರತಿ ವರ್ಷ ಸೋತು ಪ್ರತಿ ವರ್ಷ ಅದೇ ಮಾತು ಹೇಳುವುದು ನಮಗೆ ಹರಕೆ ಇದ್ದ ಹಾಗೆ. ಕಳೆದ ವರ್ಷ ಮಾರ್ಚ್‌ನಲ್ಲಿ ದೆಹಲಿಯಲ್ಲಿ ನಮ್ಮ ಮಹಿಳಾ ತಂಡದ ಹುಡುಗಿಯರು ಕಪ್ ಗೆದ್ದು ಅದನ್ನು ತೀರಿಸಿದರು ಕೂಡ. ಶ್ರೇಯಾಂಕಾ ನಾಲ್ಕು ವಿಕೆಟ್ ತೆಗೆದ ರಾತ್ರಿ ನಾನು ಜೋರಾಗಿ ಅತ್ತಿದ್ದೆ. ಆಗಲೂ ಅಣ್ಣನಿಗೆ ಫೋನ್ ಮಾಡಬೇಕು ಅನಿಸಿತ್ತು. ಮಾಡಲಿಲ್ಲ. ಈಗ ಅದಕ್ಕೆ ಬೇಜಾರಾಗುತ್ತಿದೆ.

ಇನ್ನೊಂದು ಚಿಂತೆ. ಫೈನಲ್ ಅಹಮದಾಬಾದ್‌ನಲ್ಲಿ. ಬಟ್ಲರ್ ನೂರು ಹೊಡೆದದ್ದು ಅಲ್ಲೇ. ಕಳೆದ ವರ್ಷ ಸತತ ಆರು ಪಂದ್ಯ ಗೆದ್ದು, ಚೆನ್ನೈಯನ್ನು ಹೊರಗೆ ಹಾಕಿ, ನಾಲ್ಕೇ ದಿನಕ್ಕೆ ರಾಜಸ್ಥಾನಕ್ಕೆ ಸೋತದ್ದೂ ಅಲ್ಲೇ. ಜೊತೆಗೆ, ಮೊದಲ ಕ್ವಾಲಿಫೈಯರ್ ಗೆದ್ದು ನೇರ ಫೈನಲ್‌ಗೆ ಹೋದದ್ದು ಇದಕ್ಕೆ ಮುಂಚೆ ಒಂದೇ ಸಲ. 2016ರಲ್ಲಿ. ಬೇಡ, ಇದನ್ನೆಲ್ಲ ಲೆಕ್ಕ ಹಾಕಬಾರದು. ಕೊಹ್ಲಿ ಹದಿನೆಂಟು ವರ್ಷದಿಂದ ಒಂದೇ ಜರ್ಸಿಯಲ್ಲಿ ಇದೆಲ್ಲವನ್ನೂ ಹೊತ್ತು ಆಡುತ್ತಿದ್ದಾನೆ. ಅವನಿಗೆ ಈ ಎಲ್ಲ ಮೈದಾನಗಳೂ ನೆನಪಿರಬೇಕು. ಆದರೂ ಇವತ್ತು ಪ್ರತಿ ವಿಕೆಟ್ಟಿಗೂ ಹೇಗೆ ಕುಣಿದ!

ಅಪ್ಪ ಮಲಗಿದರು. ಮಲಗುವ ಮುಂಚೆ ಮಂಗಳವಾರ ಯಾರ ಎದುರು ಅಂತ ಕೇಳಿದರು. ಇನ್ನೂ ಗೊತ್ತಿಲ್ಲ ಅಂದೆ.

ಈಗ ಅಣ್ಣನ ಮೆಸೇಜ್ ಬಂದಿದೆ. "ಮಂಗಳವಾರ ಪುಟ್ಟನನ್ನ ಕರ್ಕೊಂಡು ಅಲ್ಲಿಗೇ ಬರಲಾ?"

ಹತ್ತು ನಿಮಿಷದಿಂದ ಅದನ್ನೇ ನೋಡುತ್ತಿದ್ದೇನೆ. ನಾವಿಬ್ಬರೂ ಕೊನೆಯ ಸಲ ಪಕ್ಕದಲ್ಲಿ ಕೂತು ಮ್ಯಾಚ್ ನೋಡಿದ್ದು ಅವತ್ತೇ. ಬಾ ಅನ್ನಬೇಕು. ಅನ್ನುತ್ತೇನೆ. ಅವನು ನನ್ನ ಎಡಗಡೆ ಕೂತಿದ್ದ, ಈ ಸಲ ಮಧ್ಯದಲ್ಲಿ ಅಪ್ಪನನ್ನು ಕೂರಿಸಿದರೆ, ಇಲ್ಲ ಪುಟ್ಟನನ್ನು