ಹತ್ತು ಸಾವಿರದ ‘ಐ5’ ಕಂಪ್ಯೂಟರ್ ತಗೋಬಹುದಾ?

ಹಾಸನದ ಬಿ.ಎಂ. ರಸ್ತೆ ಹತ್ತಿರ ಕಂಪ್ಯೂಟರ್ ರಿಪೇರಿ ಮಾಡ್ತೀನಿ ಅಂದರೆ ಸಾಕು, ಈ ಪ್ರಶ್ನೆ ತಪ್ಪಿದ್ದಲ್ಲ. ವಾಟ್ಸಾಪ್‌ನಲ್ಲಿ ಒಂದು ಫೋಟೋ ಬರುತ್ತದೆ. ಗಾಜಿನ ಕ್ಯಾಬಿನೆಟ್, ಒಳಗೆ ಕೆಂಪು ನೀಲಿ ಲೈಟು, ಕೆಳಗೆ ‘ಐ5, 8 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ, ಹೊಸದು, ಒಂದು ವರ್ಷ ವಾರಂಟಿ’ ಅಂತ ಬರಹ. ಜೊತೆಗೊಂದು ಮೆಸೇಜು: ‘ಅಣ್ಣ, ಹತ್ತು ಸಾವಿರಕ್ಕೆ ಕೊಡ್ತಾರಂತೆ. ತಗೊಳ್ಲಾ?’

ನಾನು ವಾಪಸ್ ಕೇಳುವುದು ಒಂದೇ. ಐ5 ಆದಮೇಲೆ ಮುಂದಿನ ನಂಬರ್ ಏನು?

ಯಾಕಂದ್ರೆ ಬರೀ ‘ಐ5’ ಅಂದರೆ ಏನೂ ಹೇಳಿದ ಹಾಗಾಗಲಿಲ್ಲ. ಇಂಟೆಲ್ ಕಂಪನಿ ತನ್ನ ಪ್ರೊಸೆಸರಿಗೆ, ಅಂದರೆ ಕಂಪ್ಯೂಟರಿನ ಮೆದುಳಿಗೆ, ಈ ಹೆಸರಿಡಲು ಶುರುಮಾಡಿದ್ದೇ 2009ರಲ್ಲಿ. ಹೆಸರಿನ ಪಕ್ಕದ ನಂಬರಿನಲ್ಲೇ ಅದರ ವಯಸ್ಸು ಇರುತ್ತದೆ. ಐ5-3470 ಅಂತಿದ್ದರೆ ಮೂರನೇ ಜನರೇಶನ್, ಅಂದರೆ ಮೂರನೇ ತಲೆಮಾರು, 2012ರದ್ದು. 4570 ಅಂದರೆ ನಾಲ್ಕನೆಯದು, 2013. 8400 ಅಂದರೆ ಎಂಟನೆಯದು, 2017. ನಂಬರ್ ಐದು ಅಂಕಿಯದಾದರೆ ಮೊದಲ ಎರಡನ್ನು ನೋಡಿ. 12400 ಅಂದರೆ ಹನ್ನೆರಡನೆಯದು, 2022. ಹನ್ನೆರಡನೇ ಜನರೇಶನ್ನಿನ ಐ3 ಮುಂದೆ ಮೂರನೇ ಜನರೇಶನ್ನಿನ ಐ5 ನಿಲ್ಲುವುದೇ ಇಲ್ಲ. ಜಾಹೀರಾತಿನಲ್ಲಿ ಈ ನಂಬರ್ ಇರುವುದಿಲ್ಲ. ಕೇಳಿದರೆ ‘ಐ5 ಸಾರ್, ಫಾಸ್ಟ್ ಇದೆ’ ಅನ್ನುತ್ತಾರೆ. ನಂಬರ್ ಹೇಳದಿದ್ದರೆ ಮಾತು ಅಲ್ಲಿಗೇ ಮುಗಿಸಿ.

ಆ ಬೆಲೆಗೆ ಬರುವ ಹೊಳೆಯುವ ಡಬ್ಬಗಳ ಒಳಗೆ ಸಾಮಾನ್ಯವಾಗಿ ಎರಡನೇ ಇಲ್ಲಾ ಮೂರನೇ ಜನರೇಶನ್ ಇರುತ್ತದೆ. ಹಾಗಾದರೆ ಅದು ‘ಹೊಸದು’ ಹೇಗಾಯಿತು? ಆ ಪ್ರೊಸೆಸರುಗಳನ್ನು ಇಂಟೆಲ್ ಮಾಡುವುದು ನಿಲ್ಲಿಸಿ ಎಷ್ಟೋ ವರ್ಷವಾಯಿತು. ಆದರೆ ಅದಕ್ಕೆ ಹೊಂದುವ ಎಚ್61 ಮದರ್‌ಬೋರ್ಡನ್ನು, ಅಂದರೆ ಒಳಗಿನ ಭಾಗಗಳೆಲ್ಲ ಕೂರುವ ಹಲಗೆಯನ್ನು, ಬೇರೆ ಕಂಪನಿಗಳು ಹೊಸದಾಗಿಯೇ ಮಾಡಿ ಮಾರುತ್ತಿವೆ. ಯಾವುದೋ ಆಫೀಸಿನ ಗುಜರಿ ಮಷೀನಿನಿಂದ ಕಿತ್ತ ಪ್ರೊಸೆಸರನ್ನು ಈ ಬೋರ್ಡಿಗೆ ಕೂರಿಸಿ, ಗಾಜಿನ ಕ್ಯಾಬಿನೆಟ್ಟಿಗೆ ಹಾಕಿದರೆ ಮುಗಿಯಿತು. ಹಳೇ ಜೀಪಿಗೆ ಹೊಸ ಬಾಡಿ ಕಟ್ಟಿಸುತ್ತಾರಲ್ಲ, ಆ ಥರ.

ಪ್ರೊಸೆಸರ್ ಹಳೇದು ಅನ್ನುವುದು ನನಗೆ ದೊಡ್ಡ ತಲೆನೋವಲ್ಲ. ಪ್ರೊಸೆಸರ್ ಕೆಟ್ಟು ಬರುವುದು ಬಹಳ ಅಪರೂಪ. ಕೆಡುವುದು ಅಗ್ಗದ ಬೋರ್ಡು, ಅದಕ್ಕಿಂತ ಮೊದಲು ಎಸ್‌ಎಂಪಿಎಸ್. ಕರೆಂಟನ್ನು ಒಳಗಿನ ಭಾಗಗಳಿಗೆ ಬೇಕಾದ ಹಾಗೆ ಬದಲಿಸಿ ಕೊಡುವ ಪೆಟ್ಟಿಗೆ ಅದು. ಮೇಲೆ 450 ವ್ಯಾಟ್ ಅಂತ ಸ್ಟಿಕ್ಕರ್ ಇರುತ್ತದೆ. ಕೈಯಲ್ಲಿ ಎತ್ತಿದರೆ ಹಗುರ. ಒಳಗೆ ಇರಬೇಕಾದ್ದನ್ನು ಹಾಕದೆ ದುಡ್ಡು ಉಳಿಸಿರುತ್ತಾರೆ. ಬೆಂಗಳೂರಿನಲ್ಲಿ ಇದು ಹೇಗೋ ನಡೆದೀತು. ನಮ್ಮ ಕಡೆ ನಡೆಯುವುದಿಲ್ಲ. ಬೇಸಿಗೆಯಲ್ಲಿ ಪಂಪ್‌ಸೆಟ್ಟುಗಳು ಒಟ್ಟಿಗೆ ಶುರುವಾದರೆ ಅರಸೀಕೆರೆ, ಚನ್ನರಾಯಪಟ್ಟಣದ ಕಡೆಯ ಹಳ್ಳಿಗಳಲ್ಲಿ ವೋಲ್ಟೇಜ್ ಬಿದ್ದುಹೋಗುತ್ತದೆ. ಮಳೆಗಾಲದಲ್ಲಿ ಸಕಲೇಶಪುರದ ಕಡೆ ಲೈನ್ ಮೇಲೆ ಮರ ಬಿದ್ದರೆ ಕರೆಂಟ್ ಯಾವಾಗ ಬರುತ್ತದೋ ಕೆಇಬಿಯವರಿಗೂ ಹೇಳಲಾಗದು. ಬಂದಾಗ ಒಂದೇ ಏಟಿಗೆ ಬಂದು, ಹೋಗಿ, ಮತ್ತೆ ಬರುತ್ತದೆ. ಅಗ್ಗದ ಎಸ್‌ಎಂಪಿಎಸ್ ಹೋಗುವಾಗ ಒಂಟಿಯಾಗಿ ಹೋಗುವುದಿಲ್ಲ, ಕೆಲವು ಸಲ ಬೋರ್ಡನ್ನೂ ಡಿಸ್ಕನ್ನೂ ಜೊತೆಗೆ ಕರೆದುಕೊಂಡು ಹೋಗುತ್ತದೆ.

ಇನ್ನು ವಿಂಡೋಸ್. ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಅಪ್‌ಡೇಟ್ ನಿಲ್ಲಿಸಿತು. ವಿಂಡೋಸ್ 11ಕ್ಕೆ ಅವರ ಲೆಕ್ಕದ ಪ್ರಕಾರ ಇಂಟೆಲ್‌ನ ಎಂಟನೇ ಜನರೇಶನ್ ಅಥವಾ ಅದರಿಂದ ಈಚಿನದು ಬೇಕು, ಟಿಪಿಎಂ 2.0 ಅನ್ನುವ ಭದ್ರತೆಯ ಚಿಪ್ಪು ಬೇಕು. ಹಳೇ ಮಷೀನಿಗೂ ಅಡ್ಡದಾರಿಯಲ್ಲಿ 11 ಹಾಕಬಹುದು, ಅಂಗಡಿಯವರು ಹಾಕಿಯೇ ಕೊಡುತ್ತಾರೆ. ಆದರೆ ಮುಂದೆ ಅಪ್‌ಡೇಟ್ ಬರುತ್ತದೆ ಅನ್ನುವ ಗ್ಯಾರಂಟಿ ಇಲ್ಲ. ಆ ವಿಂಡೋಸ್ ಅಸಲಿಯಾ ಅಂತಲೂ ನೋಡಿ. ಸೆಟ್ಟಿಂಗ್ಸ್‌ನ ಆಕ್ಟಿವೇಶನ್ ಪುಟದಲ್ಲಿ ‘ನಿಮ್ಮ ಸಂಸ್ಥೆಯ ಆಕ್ಟಿವೇಶನ್ ಸರ್ವಿಸ್ ಮೂಲಕ’ ಅನ್ನುವ ಅರ್ಥದ ಇಂಗ್ಲಿಷ್ ವಾಕ್ಯ ಇದ್ದರೆ, ಹೊಳೆನರಸೀಪುರದ ನಿಮ್ಮ ಮನೆ ಯಾವಾಗ ಸಂಸ್ಥೆಯಾಯಿತು ಅಂತ ಅಂಗಡಿಯವರನ್ನೇ ಕೇಳಿ.

ಹಾಗಾದರೆ ಏನು ತಗೊಳ್ಳೋದು? ಕಡಿಮೆ ದುಡ್ಡಿಗೆ ನಾನು ಹೇಳುವುದು ನೋಡಲು ಚೆನ್ನಾಗಿಲ್ಲದ ಮಷೀನು. ಬೆಂಗಳೂರಿನ ದೊಡ್ಡ ಕಂಪನಿಗಳು ಕೆಲವು ವರ್ಷ ಬಳಸಿ ತೆಗೆದುಹಾಕಿದ ಡೆಲ್ ಆಪ್ಟಿಪ್ಲೆಕ್ಸ್, ಎಚ್‌ಪಿ ಪ್ರೋಡೆಸ್ಕ್, ಲೆನೊವೊ ಥಿಂಕ್‌ಸೆಂಟರ್. ಕಪ್ಪು ಡಬ್ಬ, ಲೈಟಿಲ್ಲ, ಗಾಜಿಲ್ಲ, ಮೂಲೆಯಲ್ಲಿ ಗೀರು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ರಾಶಿ ರಾಶಿ ಇರುತ್ತವೆ, ಹಾಸನದ ಅಂಗಡಿಗಳಿಗೂ ಬರುತ್ತವೆ. ಅದರಲ್ಲಿ ಎಂಟನೇ ಜನರೇಶನ್ನಿನದನ್ನೇ ಹುಡುಕಿ. ಡೆಲ್ ಆದರೆ 3060, 5060, 7060. ಲೆನೊವೊ ಆದರೆ ಎಂ720. ಹತ್ತು ಸಾವಿರದ ಮೇಲೆ ಒಂದೆರಡು ಸಾವಿರವೋ ಐದು ಸಾವಿರವೋ ಜಾಸ್ತಿ ಕೇಳುತ್ತಾರೆ. ಕೊಡಿ. ಐ5-8500ರಲ್ಲಿ ಆರು ಕೋರ್ ಇದೆ, ಅಂದರೆ ಒಟ್ಟಿಗೆ ಕೆಲಸ ಮಾಡುವ ಆರು ಭಾಗ, ಮೂರನೇ ಜನರೇಶನ್ನಿನ ಐ5ನಲ್ಲಿ ನಾಲ್ಕು. ವಿಂಡೋಸ್ 11 ನೇರ ದಾರಿಯಲ್ಲೇ ಬರುತ್ತದೆ. ಎಷ್ಟೋ ಮಷೀನುಗಳಲ್ಲಿ ಕಂಪನಿಯಿಂದಲೇ ಬಂದ ವಿಂಡೋಸ್ ಲೈಸೆನ್ಸ್ ಬೋರ್ಡಿನಲ್ಲೇ ಕೂತಿರುತ್ತದೆ. ಎಸ್‌ಎಂಪಿಎಸ್ ನಂಬುವಂಥದ್ದು.

ಇದಕ್ಕೂ ಕೊರತೆ ಇದೆ. ಇವುಗಳ ಎಸ್‌ಎಂಪಿಎಸ್ ಮತ್ತು ಬೋರ್ಡಿನ ಅಳತೆ, ಪಿನ್ನು ಎಷ್ಟೋ ಮಾಡೆಲ್‌ಗಳಲ್ಲಿ ಆಯಾ ಕಂಪನಿಗೇ ಬೇರೆ. ಕೆಟ್ಟರೆ ನನ್ನ ಶೆಲ್ಫಿನಲ್ಲಿರುವುದು ಹೊಂದುವುದಿಲ್ಲ, ಬೆಂಗಳೂರಿನಿಂದ ಬಸ್ ಪಾರ್ಸೆಲ್‌ನಲ್ಲಿ ಬರಬೇಕು. ಸಣ್ಣ ಡಬ್ಬದ್ದಾದರೆ ದೊಡ್ಡ ಗ್ರಾಫಿಕ್ಸ್ ಕಾರ್ಡು ಹಿಡಿಸುವುದೇ ಇಲ್ಲ. ಮಗನಿಗೆ ಗೇಮ್ ಆಡಬೇಕು ಅನ್ನುವವರಿಗೆ ಇದನ್ನು ಹೇಳುವುದಿಲ್ಲ. ಅವರಿಗೆ ಅಗ್ಗದ ದಾರಿ ಯಾವುದೂ ಇಲ್ಲ, ಬಿಡಿ.

ಅಂಗಡಿಯಲ್ಲಿ ಆನ್ ಮಾಡಿಸಿಯೇ ನೋಡಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ಬರುತ್ತದೆ. ಅದರ ಪರ್ಫಾರ್ಮೆನ್ಸ್ ಭಾಗದಲ್ಲಿ ಪ್ರೊಸೆಸರಿನ ಪೂರ್ತಿ ಹೆಸರು, ರ‍್ಯಾಮ್ ಎಷ್ಟು, ಡಿಸ್ಕ್ ಎಸ್‌ಎಸ್‌ಡಿಯಾ ಹಳೇ ಹಾರ್ಡ್‌ಡಿಸ್ಕಾ ಎಲ್ಲ ಕಾಣುತ್ತದೆ. ಹಾರ್ಡ್‌ಡಿಸ್ಕ್ ಒಂದೇ ಇದ್ದರೆ ಬೇಡ. ಒಳಗೆ ತಟ್ಟೆ ತಿರುಗಿ, ಮುಳ್ಳು ಆ ಜಾಗಕ್ಕೆ ಹೋಗಿ ಓದಬೇಕು. ಸಣ್ಣ ಸಣ್ಣ ಫೈಲುಗಳನ್ನು ಸೆಕೆಂಡಿಗೆ ನೂರರ ಆಸುಪಾಸು ಸಲ ಹುಡುಕುವಷ್ಟರಲ್ಲೇ ಅದಕ್ಕೆ ಸಾಕಾಗುತ್ತದೆ. ಎಸ್‌ಎಸ್‌ಡಿ ಅದೇ ಕೆಲಸವನ್ನು ಸಾವಿರಾರು ಸಲ ಮಾಡುತ್ತದೆ. ‘ಕಂಪ್ಯೂಟರ್ ಸ್ಲೋ’ ಅಂತ ನನ್ನ ಹತ್ತಿರ ಬರುವ ಕಂಪ್ಲೇಂಟಿನಲ್ಲಿ ಜಾಸ್ತಿ ಪಾಲು ಇದೇ. ರ‍್ಯಾಮ್ 8 ಜಿಬಿ ಇರುವುದನ್ನೇ ತಗೊಳ್ಳಿ. ‘ಈಗ 4 ಸಾಕು, ಆಮೇಲೆ ಹಾಕಿಸ್ತೀನಿ’ ಅನ್ನಬೇಡಿ, 2025ರ ಕೊನೆಯಿಂದ ರ‍್ಯಾಮ್ ರೇಟು ಏರಿದೆ.

ಬೆಲೆ ಹೇಳುವಾಗ ಅವರು ಹೇಳುವುದು ಬರೀ ಸಿಪಿಯು ಡಬ್ಬದ ಬೆಲೆ. ಮಾನಿಟರ್, ಕೀಬೋರ್ಡ್, ಮೌಸ್ ಬೇರೆ. ಆಫೀಸಿನ ಮಷೀನಿನಲ್ಲಿ ವೈಫೈ ಇರುವುದೇ ಕಮ್ಮಿ, ಒಂದು ಡಾಂಗಲ್ ಬೇಕು. ಮನೆಯಲ್ಲಿ ಹಳೇ ಮಾನಿಟರ್ ಇದ್ದರೆ ಅದರಲ್ಲಿ ನೀಲಿ ವಿಜಿಎ ವೈರ್ ಮಾತ್ರ ಇರುತ್ತದೆ, ಈ ಡಬ್ಬಗಳಲ್ಲಿ ಎಷ್ಟೋ ಸಲ ವಿಜಿಎ ಇರುವುದಿಲ್ಲ, ಡಿಸ್ಪ್ಲೇ ಪೋರ್ಟ್ ಅನ್ನುವ ಬೇರೆ ಥರದ ಕಿಂಡಿ ಇರುತ್ತದೆ. ಹಾಗಿದ್ದರೆ ಕನ್ವರ್ಟರ್ ಬೇಕು. ಆನ್‌ಲೈನ್ ಕ್ಲಾಸ್ ಇದ್ದರೆ ಕ್ಯಾಮೆರಾ, ಮೈಕ್. ನಮ್ಮ ಊರಿಗೆ ಯುಪಿಎಸ್ಸಂತೂ ಬೇಕೇ ಬೇಕು, ಅದರ ಬ್ಯಾಟರಿಯನ್ನು ಎರಡು ಮೂರು ವರ್ಷಕ್ಕೊಮ್ಮೆ ಬದಲಿಸಲೂ ಬೇಕು. ಇದೆಲ್ಲ ಕೂಡಿಸಿ ನೋಡಿ. ಹಾಸ್ಟೆಲ್‌ನಲ್ಲಿರುವ ಹುಡುಗನಿಗಾದರೆ ಈ ದುಡ್ಡಿಗೆ ಇನ್ನೊಂದಿಷ್ಟು ಸೇರಿಸಿ ಲ್ಯಾಪ್‌ಟಾಪ್ ತಗೊಳ್ಳುವುದೇ ಸರಿ.

ಮೂರನೇ, ನಾಲ್ಕನೇ ಜನರೇಶನ್ ಯಾರಿಗೂ ಬೇಡ ಅಂತೇನಿಲ್ಲ. ಕೋರ್ಟಿನ ಹತ್ತಿರ ಡಿಟಿಪಿ ಮಾಡುವವರು ನುಡಿ ಮತ್ತು ಪೇಜ್‌ಮೇಕರ್ ಬಿಟ್ಟು ಬೇರೇನೂ ತೆಗೆಯುವುದಿಲ್ಲ. ಪೇಜ್‌ಮೇಕರ್ 7 ಬಂದಿದ್ದೇ 2001ರಲ್ಲಿ. ಇಂಟರ್ನೆಟ್ ವೈರ್ ಕಿತ್ತು, ಟೈಪಿಂಗಿಗೆ ಮಾತ್ರ ಇಟ್ಟುಕೊಳ್ಳುವ ಎರಡನೇ ಮಷೀನ್ ಆದರೆ ಹಳೇದೇ ಸಾಕು. ಅದಕ್ಕೆ ಹತ್ತು ಸಾವಿರ ಕೊಡಬೇಡಿ, ಅಷ್ಟೇ. ಬರೀ ಯೂಟ್ಯೂಬು, ಪಹಣಿ ನೋಡುವುದು, ಮಕ್ಕಳ ರಿಸಲ್ಟು ಅನ್ನುವವರಿಗೆ ಹಳೇ ಮಷೀನಿಗೆ ಎಸ್‌ಎಸ್‌ಡಿ ಹಾಕಿ, ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಹಾಕಿಕೊಡುತ್ತೇನೆ. ಅಪ್‌ಡೇಟೂ ಬರುತ್ತದೆ, ದುಡ್ಡೂ ಇಲ್ಲ. ಯೂನಿಕೋಡ್ ಕನ್ನಡ ಟೈಪ್ ಮಾಡಬಹುದು, ಆದರೆ ನುಡಿಯ ಹಳೇ ಆಸ್ಕಿ ಅಕ್ಷರದ ಫೈಲುಗಳಿಗೆ ಅದು ಆಗಿಬರುವುದಿಲ್ಲ. ಬಯೋಮೆಟ್ರಿಕ್ ಇಟ್ಟುಕೊಂಡು ಸರ್ಕಾರಿ ಸೇವೆ ಕೊಡುವವರೂ, ಟ್ಯಾಲಿಯಲ್ಲಿ ಲೆಕ್ಕ ಬರೆಯುವವರೂ ವಿಂಡೋಸ್ ಬಿಟ್ಟು ಕದಲಬಾರದು.

ತೋಟದ ರೈಟರುಗಳು ಕೇಳಿದಾಗ ನನ್ನ ಉತ್ತರ ಬೇರೆ. ಇನ್‌ವರ್ಟರ್ ಮೇಲೆ ದಿನಗಟ್ಟಲೆ ದೂಡಬೇಕಾದ ಜಾಗಕ್ಕೆ ಡಬ್ಬದ ಕಂಪ್ಯೂಟರೇ ತಪ್ಪು. ಇಂಟೆಲ್ ಎನ್100 ಇರುವ ಅಂಗೈಯಗಲದ ಮಿನಿ ಪಿಸಿ ನೋಡಿ. 2023ರ ಪ್ರೊಸೆಸರ್, ನಾಲ್ಕು ಕೋರ್, ವಿಂಡೋಸ್ 11ಕ್ಕೆ ಸರಿ. ಕೂಲಿ ಲೆಕ್ಕ, ಎಕ್ಸೆಲ್, ಮೇಲ್ ಆರಾಮಾಗಿ ನಡೆಯುತ್ತದೆ, ದೊಡ್ಡ ಡೆಸ್ಕ್‌ಟಾಪ್ ತಿನ್ನುವುದರಲ್ಲಿ ಸಣ್ಣ ಪಾಲು ಕರೆಂಟು ಸಾಕು.

‘ಅಯ್ಯೋ, ನಾನು ಆಗಲೇ ಆ ಲೈಟಿನ ಡಬ್ಬ ತಗೊಂಡುಬಿಟ್ಟೆ’ ಅನ್ನುವವರೂ ಇದ್ದೀರಿ. ಮಾರಲು ಹೋಗಬೇಡಿ, ಅರ್ಧ ಬೆಲೆಯೂ ಬರಲ್ಲ. ಮೊದಲು ಒಳ್ಳೆ ಕಂಪನಿಯ ಎಸ್‌ಎಂಪಿಎಸ್ ಹಾಕಿಸಿ. ವಾರಂಟಿ ಇನ್ನೂ ಇದ್ದರೆ ಅಂಗಡಿಯವರನ್ನೇ ಕೇಳಿ ಹಾಕಿಸಿ, ಇಲ್ಲದಿದ್ದರೆ ಸೀಲ್ ಬಿಚ್ಚಿದ್ದೀರಿ ಅಂತ ಕೈ ತೊಳೆದುಕೊಳ್ಳುತ್ತಾರೆ. ಫೋಟೋ, ಲೆಕ್ಕದ ಫೈಲು ಬೇರೆ ಕಡೆ ಒಂದು ಕಾಪಿ ಇರಲಿ. ಏಪ್ರಿಲ್, ಮೇನಲ್ಲಿ ಗುಡುಗು ಶುರುವಾದ ತಕ್ಷಣ ಪ್ಲಗ್ ತೆಗೆಯಿರಿ, ಜೊತೆಗೆ ಇಂಟರ್ನೆಟ್ ವೈರನ್ನೂ ತೆಗೆಯಿರಿ. ಸಿಡಿಲಿನ ಕರೆಂಟು ಆ ವೈರಿನಲ್ಲೂ ಬರುತ್ತದೆ. ಮಳೆಗಾಲದ ತೇವಕ್ಕೆ ಒಂದು ದಿನ ಆನ್ ಆಗದೆ ಬೀಪ್ ಬೀಪ್ ಅಂದರೆ ಗಾಬರಿ ಬೇಡ. ಪ್ಲಗ್ ಕಿತ್ತು, ರ‍್ಯಾಮ್ ತೆಗೆದು, ಅದರ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಲ್ಲಿ ಉಜ್ಜಿ ಮತ್ತೆ ಕೂರಿಸಿ. ಅದಕ್ಕೂ ಆನ್ ಆಗದಿದ್ದರೆ ಆಮೇಲೆ ಅಂಗಡಿಗೆ ತನ್ನಿ.