ರಾಧಾನಗರಿ, ಕಾಳಮ್ಮವಾಡಿ, ಪಾಟಗಾಂವ: ಹಿನ್ನೀರಿನ ಸುತ್ತಲಿನ ಗರಸಿನ ದಾರಿಗಳು

ಕೊಲ್ಲಾಪುರ ಜಿಲ್ಲೆಯ ದಕ್ಷಿಣ ಭಾಗದಲ್ಲಿ ಸೈಕಲ್ ದಾರಿಯನ್ನು ಆರಿಸುವವರು ದೂರವನ್ನು ಲೆಕ್ಕ ಹಾಕುವ ಮೊದಲು ಮಣ್ಣನ್ನು ನೋಡಬೇಕು. ಗಡಹಿಂಗ್ಲಜದ ಪೂರ್ವಕ್ಕೆ, ಕನ್ನಡ ಮನೆಮಾತಾಗಿರುವ ನೂಲ, ಹಲಕರ್ಣಿಯಂಥ ನಮ್ಮ ಊರುಗಳ ಕಡೆಗೆ, ಎರೆಹೊಲಗಳು ಹೆಚ್ಚು. ಪಶ್ಚಿಮಕ್ಕೆ ಉತ್ತೂರು ದಾಟಿ ಗಾರಗೋಟಿಯತ್ತ ಹೋದಂತೆ ಮಣ್ಣು ಕೆಂಪಾಗುತ್ತ ಹೋಗಿ, ಸಹ್ಯಾದ್ರಿಯ ನೆತ್ತಿಯಲ್ಲಿ ಜಂಬಿಟ್ಟಿಗೆ ಕಲ್ಲಿನ ಬಯಲುಗಳು ಎದುರಾಗುತ್ತವೆ. ಮಳೆಯೂ ಅದೇ ದಿಕ್ಕಿಗೆ ಏರುತ್ತದೆ. ಘಟ್ಟದ ಅಂಚಿನಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರನ್ನು ಮೀರಿ ಸುರಿಯುವ ಮಳೆ ನಮ್ಮ ಕಡೆಗೆ ಬರುವಷ್ಟರಲ್ಲಿ ತೀರ ಇಳಿದಿರುತ್ತದೆ. ಆ ಮಳೆಯನ್ನು ಹಿಡಿದಿಡುವ ಜಲಾಶಯಗಳಲ್ಲಿ ಮೂರು ನಮಗೆ ಹತ್ತಿರದವು: ಭೋಗಾವತಿಯ ಮೇಲೆ ರಾಧಾನಗರಿ, ದೂಧಗಂಗೆಯ ಮೇಲೆ ಕಾಳಮ್ಮವಾಡಿ, ವೇದಗಂಗೆಯ ಮೇಲೆ ಪಾಟಗಾಂವ. ವೇದಗಂಗೆ ದೂಧಗಂಗೆಯನ್ನು ಕೂಡಿಕೊಂಡು ಬೆಳಗಾವಿ ಜಿಲ್ಲೆಗೆ ಇಳಿದು ಕೃಷ್ಣೆಯನ್ನು ಸೇರುವುದರಿಂದ, ಗಡಿಯ ಆಚೆಯ ನಮ್ಮ ಬಂಧುಗಳ ಹೊಲಕ್ಕೆ ಹರಿಯುವ ನೀರಿನ ಮೂಲವನ್ನು ನೋಡುವ ಸಂತೋಷವೂ ಈ ಸವಾರಿಯಲ್ಲಿ ಸೇರಿಕೊಂಡಿದೆ.

ಗರಸಿನ, ಅಂದರೆ ಸಣ್ಣ ಕಲ್ಲು ಬೆರೆತ ಮಣ್ಣಿನ, ದಾರಿಗೆ ತಕ್ಕದ್ದು ಗ್ರ್ಯಾವೆಲ್ ಸೈಕಲ್. ಹಾಗೆಂದರೆ ರಸ್ತೆ ಸೈಕಲ್ಲಿನಂತೆ ಬಾಗಿದ ಹ್ಯಾಂಡಲ್ ಇದ್ದು, ಅಗಲವಾದ ಟಯರು, ಡಿಸ್ಕ್ ಬ್ರೇಕು ಮತ್ತು ಏರಿಗೆ ತಕ್ಕ ಹಗುರ ಗಿಯರುಗಳಿರುವ ಸೈಕಲ್ಲು. ಅಮೆರಿಕದ ಕ್ಯಾನ್ಸಸ್ ರಾಜ್ಯದ ಎಂಪೋರಿಯಾದಲ್ಲಿ 2006ರಲ್ಲಿ ಆರಂಭವಾದ ಇನ್ನೂರು ಮೈಲಿಯ ಸ್ಪರ್ಧೆ ಈ ಸವಾರಿಗೆ ಹೆಸರು ತಂದಿತು; ಅಲ್ಲಿ ಟಯರನ್ನು ಸೀಳುವುದು ಚಕಮಕಿ ಕಲ್ಲು. ನಮ್ಮಲ್ಲಿ ಎರೆನೆಲದ ಜಾಲಿಮುಳ್ಳು ಆ ಕೆಲಸ ಮಾಡುತ್ತದೆ. ಆದ್ದರಿಂದ ಟ್ಯೂಬ್ ಇಲ್ಲದ, ಒಳಗೆ ತೂತು ಮುಚ್ಚುವ ಸೀಲಂಟ್ ದ್ರವ ಹಾಕಿದ, 42ರಿಂದ 45 ಮಿಲಿಮೀಟರ್ ಅಗಲದ ಟಯರುಗಳೇ ಇಲ್ಲಿಗೆ ಸರಿ ಎಂಬುದು ನನ್ನ ದೃಢ ಅಭಿಪ್ರಾಯ. ಎಪ್ಪತ್ತು ಕಿಲೋ ತೂಕದ ಸವಾರನಿಗೆ 30ರಿಂದ 35 ಪಿಎಸ್ಐ ಗಾಳಿ ಸಾಕು. ನಮ್ಮ ಬಿಸಿಲಿಗೆ ಸೀಲಂಟ್ ಬೇಗ ಒಣಗುವುದರಿಂದ ಕೆಲವು ತಿಂಗಳಿಗೊಮ್ಮೆ ಹೊಸದನ್ನು ತುಂಬಬೇಕು.

ನದಿಗಳನ್ನು ದಾಟುವ ಬಗೆಯಲ್ಲಿ ಈ ಸೀಮೆಗೆ ತನ್ನದೇ ಆದ ಒಂದು ಸೌಕರ್ಯವಿದೆ. ದೇಶದ ಅನೇಕ ಕಡೆ ‘ಕೊಲ್ಲಾಪುರ ಮಾದರಿ’ ಎಂದೇ ಹೆಸರಾದ ಬಾಂದಾರಗಳು, ಅಂದರೆ ಹೊಳೆಗೆ ಅಡ್ಡ ಕಟ್ಟಿದ ಗಿಡ್ಡ ಒಡ್ಡುಗಳು, ಹುಟ್ಟಿದ್ದು ಇಲ್ಲಿ. ಸಾಲಾಗಿ ನಿಲ್ಲಿಸಿದ ಕಂಬಗಳಲ್ಲಿನ ಸೀಳುಗಳಿಗೆ ಹಲಗೆಗಳನ್ನು ಎರಡು ಸಾಲಾಗಿ ಇಳಿಸಿ, ನಡುವೆ ಮಣ್ಣು ತುಂಬಿ ನೀರು ನಿಲ್ಲಿಸುತ್ತಾರೆ. ಮಳೆಗಾಲಕ್ಕೆ ಮುನ್ನ ಹಲಗೆಗಳನ್ನು ತೆಗೆದು ಪ್ರವಾಹಕ್ಕೆ ದಾರಿ ಬಿಡುತ್ತಾರೆ. ಕಂಬಗಳ ಮೇಲಿನ ಹಾಸು ಊರವರಿಗೆ ಸೇತುವೆಯೂ ಹೌದು. ಹಾಸು ಕಿರಿದು, ಎಷ್ಟೋ ಕಡೆ ಪಕ್ಕಕ್ಕೆ ಕಟಕಟೆಯೇ ಇಲ್ಲ, ಮೊಣಕಾಲೆತ್ತರದ ಕಲ್ಲುಗಳು ಮಾತ್ರ ಅಲ್ಲಲ್ಲಿ ನಿಂತಿರುತ್ತವೆ; ಕಬ್ಬಿನ ಟ್ರ್ಯಾಕ್ಟರು ಹೊಲದಿಂದ ತಂದ ಎರೆ ಮಣ್ಣು ಅದರ ಮೇಲೆ ಎರಡು ಪಟ್ಟಿಯಾಗಿ ಮೆತ್ತಿಕೊಂಡು ಒಣಗಿರುತ್ತದೆ, ಆ ಪಟ್ಟಿಗಳ ನಡುವಿನ ಬೋಳು ಕಾಂಕ್ರೀಟಿನ ಮೇಲೆ ಗಾಲಿಯನ್ನು ನೇರವಾಗಿ ಹಿಡಿದು ಹೋಗಬೇಕು. ಹಿರಣ್ಯಕೇಶಿಯ ದಂಡೆಯಲ್ಲಿ ಎಮ್ಮೆ ಮೇಯಿಸುತ್ತಿದ್ದ ಅಜ್ಜನೊಬ್ಬರು ದಸರೆಯ ಹೊತ್ತಿಗೆ ನನಗೆ ಹೇಳಿದ ಮಾತನ್ನು ನಾನು ಈಗಲೂ ಪಾಲಿಸುತ್ತೇನೆ: “ಹಲಗಿ ಹಾಕಲಿ ತಮ್ಮಾ, ಆಮ್ಯಾಲ ಬಾ. ದಂಡಿ ಇನ್ನಾ ಹಸಿ ಐತಿ.” ಹಲಗೆ ಹಾಕುವುದು ಹೊಳೆಯ ಸೆಳೆತ ಇಳಿದ ಮೇಲೆ, ಅಷ್ಟರಲ್ಲಿ ಹೊಲದ ನಡುವಿನ ಚಕ್ಕಡಿ ದಾರಿಗಳೂ ಆರಿರುತ್ತವೆ. ಹಸಿ ಎರೆಯಲ್ಲಿ ಸೈಕಲ್ಲು ಇಳಿಸಿದರೆ ನಾಲ್ಕು ಮಾರು ಹೋಗುವಷ್ಟರಲ್ಲಿ ಟಯರು ಮತ್ತು ಫೋರ್ಕಿನ ನಡುವೆ ಮಣ್ಣು ಗಟ್ಟಿಯಾಗಿ ತುಂಬಿ ಗಾಲಿ ತಿರುಗುವುದೇ ನಿಲ್ಲುತ್ತದೆ.

ಮೂರು ಜಲಾಶಯಗಳಲ್ಲಿ ಹೊಸಬರಿಗೆ ನಾನು ಮೊದಲು ಹೇಳುವುದು ಪಾಟಗಾಂವವನ್ನು. ಗಾರಗೋಟಿಯಿಂದ ಕಡಗಾಂವದ ಮೂಲಕ ವೇದಗಂಗೆಯ ಕಣಿವೆಯನ್ನು ಹಿಡಿದು ಮೇಲಕ್ಕೆ ಹೋಗುವ ಡಾಂಬರು ರಸ್ತೆಯನ್ನು ಬೆನ್ನೆಲುಬಾಗಿಟ್ಟುಕೊಂಡು, ಬೇಕೆನಿಸಿದಲ್ಲಿ ಬಾಂದಾರ ದಾಟಿ ಎದುರು ದಂಡೆಯ ಕಚ್ಚಾ ದಾರಿಗೆ ಇಳಿಯಬಹುದು, ಸಾಕೆನಿಸಿದರೆ ಮುಂದಿನ ಬಾಂದಾರದಲ್ಲಿ ಮರಳಿ ಬರಬಹುದು. ಕಣಿವೆ ಕಿರಿದಾದಂತೆ ಕಬ್ಬು ಹಿಂದೆ ಸರಿದು ಭತ್ತದ ಗದ್ದೆಗಳು, ಅವುಗಳ ಮೇಲೆ ಕಾಡು ಕಾಣಿಸುತ್ತದೆ. ಪಾಟಗಾಂವ ಮೌನಿ ಮಹಾರಾಜರ ಮಠಕ್ಕೂ ಜೇನಿಗೂ ಹೆಸರಾದ ಊರು. ಇಲ್ಲಿಂದ ಜೇನು ಕೊಂಡು ತರದೆ ನಾನು ಹಿಂದಿರುಗುವುದಿಲ್ಲ. ಜಲಾಶಯದಾಚೆ ರಾಂಗಣಾ ಕೋಟೆಯ ದಿಕ್ಕಿಗೆ ದಾರಿ ಒರಟಾಗುತ್ತ ಹೋಗುತ್ತದೆ. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ತೆರೆದುಕೊಳ್ಳುವ ದಂಡೆ ಸಮತಟ್ಟಾಗಿ ಕಂಡು ಆಸೆ ಹುಟ್ಟಿಸುತ್ತದೆ, ಆದರೆ ಬಿರುಕು ಬಿಟ್ಟ ತೆಳು ಹೆಪ್ಪಿನ ಕೆಳಗೆ ಹೂಳು ಮೆತ್ತಗೇ ಇರುತ್ತದೆ. ಅದರ ಮೇಲೆ ಸೈಕಲ್ಲು ಓಡಿಸಬಾರದು.

ರಾಧಾನಗರಿಯ ಸಂಗತಿ ಬೇರೆ. ಛತ್ರಪತಿ ಶಾಹು ಮಹಾರಾಜರು ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ತಮ್ಮ ಸಂಸ್ಥಾನದ ರೈತರಿಗಾಗಿ ಕೈಗೆತ್ತಿಕೊಂಡ, ಸ್ವಾತಂತ್ರ್ಯದ ನಂತರವಷ್ಟೇ ಪೂರ್ಣಗೊಂಡ ಈ ಅಣೆಕಟ್ಟು ಸುಮಾರು 8.3 ಟಿಎಂಸಿ ನೀರು ಹಿಡಿಯುತ್ತದೆ. ಇತ್ತೀಚಿನ ಕಾಳಮ್ಮವಾಡಿ ಸುಮಾರು 25.4 ಟಿಎಂಸಿ. ರಾಧಾನಗರಿಯ ಏಳು ಸ್ವಯಂಚಾಲಿತ ದ್ವಾರಗಳು ನೀರಿನ ಮಟ್ಟ ಏರಿದಾಗ ತಾವೇ ತೆರೆದುಕೊಳ್ಳುತ್ತವೆ, ಒಂದೊಂದೂ 1,428 ಕ್ಯೂಸೆಕ್ ನೀರು ಬಿಡುತ್ತದೆ. ಮಳೆಗಾಲದಲ್ಲಿ ದ್ವಾರ ತೆರೆದ ಸುದ್ದಿ ಬಂದ ದಿನ ಕೆಳಗಿನ ಬಾಂದಾರಗಳನ್ನು ಮರೆತುಬಿಡಬೇಕು.

ಈ ಹಿನ್ನೀರಿಗೆ ಪೂರ್ತಿ ಸುತ್ತು ಹಾಕಬೇಕೆಂಬ ಆಸೆ ನಕಾಶೆ ನೋಡಿದ ಎಲ್ಲರಿಗೂ ಬರುತ್ತದೆ, ನನಗೂ ಬಂದಿತ್ತು. ಅದನ್ನು ಬಿಡಬೇಕು. ನೀರಿನ ಹಿಂದಿನ ಕಾಡು 1958ರಲ್ಲಿ ದಾಜಿಪುರದ ಕಾಡುಕೋಣಗಳಿಗಾಗಿ ಘೋಷಣೆಯಾಗಿ, ಮುಂದೆ ವಿಸ್ತಾರಗೊಂಡು 351 ಚದರ ಕಿಲೋಮೀಟರ್ ಆದ ಅಭಯಾರಣ್ಯ. 2012ರಲ್ಲಿ ಯುನೆಸ್ಕೋ ಪಟ್ಟಿ ಸೇರಿದ ಪಶ್ಚಿಮ ಘಟ್ಟದ ತಾಣಗಳಲ್ಲಿ ಒಂದು. ಅದರೊಳಗಿನ ಮಣ್ಣಿನ ದಾರಿಗಳು ಎಷ್ಟೇ ಚೆಂದವಾಗಿ ಕಂಡರೂ ಸೈಕಲ್ಲಿಗೆ ಅಲ್ಲ. ಸದ್ದಿಲ್ಲದ ಸೈಕಲ್ಲು ತಿರುವಿನಲ್ಲಿ ಒಮ್ಮೆಲೇ ಎದುರಾದರೆ ಕಾಡುಕೋಣಕ್ಕೆ ಸರಿಯಲು ಸಮಯವೇ ಸಿಗುವುದಿಲ್ಲ. ಕಾರು ದೂರದಿಂದಲೇ ಕೇಳಿಸುತ್ತದೆ. ದಾಜಿಪುರದ ಕಾಡನ್ನು ನೋಡಬೇಕಾದವರು ಅರಣ್ಯ ಇಲಾಖೆಯ ಅನುಮತಿ ಪಡೆದು ವಾಹನದಲ್ಲಿ ಹೋಗಲಿ. ಸೈಕಲ್ಲಿಗೆ ನಿಪ್ಪಾಣಿಯಿಂದ ರಾಧಾನಗರಿ, ದಾಜಿಪುರ, ಫೋಂಡಾ ಘಾಟಿನ ಮೂಲಕ ದೇವಗಡಕ್ಕೆ ಹೋಗುವ ಹೆದ್ದಾರಿಯೇ ಇದೆ. ಅದರಿಂದಲೇ ನೀರು ಮರಗಳ ಸಂದಿಯಲ್ಲಿ ಸಾಕಷ್ಟು ಕಾಣಸಿಗುತ್ತದೆ. ಗರಸಿನ ದಾರಿ ಬೇಕೆಂದರೆ ಅಣೆಕಟ್ಟಿನ ಪೂರ್ವಕ್ಕೆ, ಊರುಗಳ ನಡುವೆ ಹುಡುಕಬೇಕು.

ಅಭಯಾರಣ್ಯದ ಹೊರಗೂ ಘಟ್ಟದ ಕಡೆಗೆ ಜಂಬಿಟ್ಟಿಗೆ ಬಯಲುಗಳಿವೆ, ಅವುಗಳನ್ನು ಮರಾಠಿಗರು ಸಡಾ ಎನ್ನುತ್ತಾರೆ. ಮೇಲ್ಮೈ ಕಲ್ಲಿನಷ್ಟು ಗಟ್ಟಿ, ಆದರೆ ಅದರ ಮೇಲೆ ಹುರಿಗಡಲೆಯಂಥ ತುಕ್ಕುಬಣ್ಣದ ದುಂಡು ಹರಳುಗಳು ಚೆಲ್ಲಿರುತ್ತವೆ. ತಿರುವಿನಲ್ಲಿ ಮುಂದಿನ ಬ್ರೇಕು ಹಿಡಿದರೆ ಹರಳು ಉರುಳಿ ಮುಂದಿನ ಗಾಲಿ ಪಕ್ಕಕ್ಕೆ ಜಾರುತ್ತದೆ, ಆದ್ದರಿಂದ ತಿರುವಿಗೆ ಮೊದಲೇ ವೇಗ ಇಳಿಸಿ, ಹೊರಗಿನ ಪೆಡಲಿನ ಮೇಲೆ ಭಾರ ಹಾಕಿ, ಕೈ ಸಡಿಲಬಿಟ್ಟು ತಿರುಗಬೇಕು. ಆಗಸ್ಟಿನಿಂದ ಅಕ್ಟೋಬರಿನವರೆಗೆ ಈ ಕಲ್ಲಿನ ಮೇಲಿನ ಅಂಗುಲದಷ್ಟು ಮಣ್ಣಿನಲ್ಲೇ ಸಣ್ಣ ಹೂಗಳು ಹಾಸಿಕೊಳ್ಳುತ್ತವೆ. ಮರಾಠಿಯಲ್ಲಿ ಸೀತೆಯ ಕಣ್ಣೀರು ಎಂದು ಕರೆಯುವ ನೀಲಿ ಹೂ, ಹುಳುಗಳನ್ನು ಹಿಡಿದು ಜೀರ್ಣಿಸಿಕೊಳ್ಳುವ ಆ ಪುಟ್ಟ ಗಿಡ, ಅವುಗಳಲ್ಲೊಂದು. ಆ ತಿಂಗಳುಗಳಲ್ಲಿ ಬಯಲಿಗೆ ನಡೆದು ಹೋಗಿ. ಗಾಲಿಯ ಒಂದು ಗೆರೆಯೇ ನೀರಿಗೆ ಕಾಲುವೆಯಾಗಿ ಮಣ್ಣನ್ನು ಕೊಚ್ಚುತ್ತದೆ.

ಹಾಗಾದರೆ ಸವಾರಿಗೆ ಉಳಿಯುವ ಕಾಲ ಯಾವುದು? ದೀಪಾವಳಿಯ ನಂತರದ ಕೆಲವು ವಾರಗಳು ಎಲ್ಲಕ್ಕಿಂತ ಉತ್ತಮ. ಜಲಾಶಯ ತುಂಬಿರುತ್ತದೆ, ಗರಸು ಮಳೆಗೆ ಕುಳಿತು ಬಿಗಿಯಾಗಿರುತ್ತದೆ, ಮುಂಜಾನೆ ಕಣಿವೆಯಲ್ಲಿ ಇಬ್ಬನಿ ಇರುತ್ತದೆ. ಕಬ್ಬಿನ ಕಟಾವು ಜೋರಾದ ಮೇಲೆ ಎರಡೆರಡು ಟ್ರಾಲಿ ಎಳೆಯುವ ಟ್ರ್ಯಾಕ್ಟರುಗಳು ಕೆಳಗಿನ ದಾರಿಗಳನ್ನು ಪಾದ ಮುಳುಗುವಷ್ಟು ಹುಡಿ ಮಾಡುತ್ತವೆ, ಅವು ಎದುರಾದಾಗ ಸೈಕಲ್ಲು ಇಳಿದು ಬದುವಿನ ಮೇಲೆ ನಿಲ್ಲುವುದೇ ಕ್ಷೇಮ. ಆ ಕಾಲಕ್ಕೂ ಒಂದು ಲಾಭವಿದೆ, ಬೆಲ್ಲದ ಗಾಣಗಳು ನಡೆಯುತ್ತಿರುತ್ತವೆ. ಕೇಳಿದರೆ ಕಬ್ಬಿನ ಹಾಲನ್ನು ತಂಬಿಗೆ ತುಂಬ ಕೊಡುತ್ತಾರೆ. ಮಾರ್ಚಿನ ನಂತರ ಬಿಸಿಲು ಹೆಚ್ಚು, ಮೇಲಿನ ಕಣಿವೆಯಲ್ಲಿ ಅಂಗಡಿಗಳು ಕಡಿಮೆ. ಕನಿಷ್ಠ ಎರಡು ಲೀಟರ್ ನೀರು ಗಾರಗೋಟಿಯಲ್ಲೇ ತುಂಬಿಕೊಳ್ಳಬೇಕು.

ಕಾಡುಕೋಣಗಳು ಬೆಳೆಗೂ ನೀರಿಗೂ ಅಭಯಾರಣ್ಯದ ಹೊರಗಿನ ಊರುಗಳಿಗೂ ಇಳಿಯುತ್ತವೆ, ಇಳಿಯುವುದು ಹೆಚ್ಚಾಗಿ ಹೊತ್ತು ಮುಳುಗುವಾಗ ಮತ್ತು ನಸುಕಿನಲ್ಲಿ. ಒಂಟಿ ಗಂಡು ಕಂಡರೆ ಫೋಟೋದ ಆಸೆ ಬಿಟ್ಟು, ನಿಂತಲ್ಲಿಂದ ಮೆಲ್ಲಗೆ ಹಿಂದೆ ಸರಿಯಬೇಕು. ಬೆಳಿಗ್ಗೆ ಬೆಳಕು ಹರಿದ ಮೇಲೆ ಹೊರಟು, ಮಧ್ಯಾಹ್ನದ ಊಟವನ್ನು ಪಾಟಗಾಂವದಲ್ಲಿ ಮುಗಿಸಿ, ನಾಲ್ಕು ಗಂಟೆಯೊಳಗೆ ಹಿನ್ನೀರನ್ನು ಬಿಟ್ಟರೆ ಕತ್ತಲಾಗುವ ಮೊದಲೇ ಗಾರಗೋಟಿ ಸೇರಬಹುದು.