ಹೊಟ್ಟೆ ಕೊಯ್ಯದೆ ತೆಗೆಯಬಹುದಾದ ಕ್ಯಾನ್ಸರ್

ಆಳಂದದ ನಮ್ಮ ಕಾಕಾ ಅವರಿಗೆ ಜಠರದ ಕ್ಯಾನ್ಸರ್ ಆರಂಭದಲ್ಲೇ ಪತ್ತೆಯಾದಾಗ, ಹೊಟ್ಟೆಯನ್ನು ಪೂರಾ ಕೊಯ್ಯಬೇಕೇನು ಎಂಬುದೇ ಮನೆಯವರೆಲ್ಲರ ಮೊದಲ ಪ್ರಶ್ನೆಯಾಗಿತ್ತು. ಎಲ್ಲರಿಗೂ ಅದು ಬೇಕಾಗಿಲ್ಲ ಎಂಬುದು ನಮ್ಮ ಕಲಬುರಗಿ ಭಾಗದ ಜನರಿಗೆ ತಿಳಿದಿರಬೇಕು.

ಗಡ್ಡೆ ಜಠರದ ಒಳಪೊರೆಯಲ್ಲೇ ಇದ್ದು, ದುಗ್ಧಗ್ರಂಥಿಗಳಿಗೆ (ಲಿಂಫ್ ನೋಡ್‌ಗಳಿಗೆ) ಹರಡಿರುವ ಸಂಭವ ತೀರಾ ಕಡಿಮೆಯಿದ್ದರೆ, ಬಾಯಿಯ ಮೂಲಕ ಇಳಿಸಿದ ಎಂಡೋಸ್ಕೋಪ್ ಎಂಬ ಕ್ಯಾಮೆರಾ ಕೊಳವೆಯಿಂದಲೇ ಅದನ್ನು ತೆಗೆಯಬಹುದು. ವೈದ್ಯರು ಗಡ್ಡೆಯ ಸುತ್ತ ಚುಕ್ಕೆಗಳ ಗುರುತು ಹಾಕಿ, ಪೊರೆಯ ಕೆಳಗೆ ದ್ರವವನ್ನು ಚುಚ್ಚಿ ಅದನ್ನು ಉಬ್ಬಿಸಿ, ವಿದ್ಯುತ್ ಚಾಕುವಿನಿಂದ ಸುತ್ತಲೂ ಸೀಳಿ, ಕೆಳಗಿನ ಸ್ನಾಯುಪದರಕ್ಕೆ ಪೆಟ್ಟಾಗದಂತೆ ಒಂದೇ ತುಂಡಾಗಿ ಬಿಡಿಸುತ್ತಾರೆ. ಒಂದೇ ತುಂಡಾಗಿ ಬರುವುದು ಬಹಳ ಮುಖ್ಯ. ಅಂಚಿನಲ್ಲಿ ರೋಗ ಉಳಿದಿದೆಯೇ, ಎಷ್ಟು ಆಳಕ್ಕಿಳಿದಿದೆ ಎಂಬುದನ್ನು ತುಂಡನ್ನು ಪರೀಕ್ಷಿಸುವ ಪೆಥಾಲಜಿಸ್ಟರು ಆಗ ಮಾತ್ರ ಸರಿಯಾಗಿ ಹೇಳಬಲ್ಲರು. ರಕ್ತಸ್ರಾವವಾಗುವ, ಜಠರಕ್ಕೆ ರಂಧ್ರ ಬೀಳುವ ಅಪಾಯವೂ ಇದೆ. ಆದ್ದರಿಂದ ಅನುಭವಿ ಕೈಯೇ ಬೇಕು.

ರೋಗ ಇನ್ನಷ್ಟು ಆಳಕ್ಕಿಳಿದಿದ್ದರೆ ಲ್ಯಾಪರೊಸ್ಕೋಪಿಯಲ್ಲಿ ಹೊಟ್ಟೆಯ ಮೇಲೆ ಮಾಡುವ ಸಣ್ಣ ರಂಧ್ರಗಳ ಮೂಲಕ ಜಠರದ ಭಾಗವನ್ನೂ ಸುತ್ತಲಿನ ಗ್ರಂಥಿಗಳನ್ನೂ ತೆಗೆಯುತ್ತಾರೆ. ಜಪಾನಿನ ಶಸ್ತ್ರವೈದ್ಯ ಕಿತಾನೊ ಅವರ ತಂಡ 1991ರಲ್ಲಿ ಆರಂಭಿಸಿದ ಈ ವಿಧಾನದಲ್ಲಿ ನೋವು ಕಡಿಮೆ, ಚೇತರಿಕೆ ಬೇಗ.

ಎಂಡೋಸ್ಕೋಪಿಯಿಂದ ಗುಣವಾದವರ ಜಠರ ಹಾಗೆಯೇ ಉಳಿಯುವುದರಿಂದ ಬೇರೆಡೆ ಹೊಸ ಗಡ್ಡೆ ಹುಟ್ಟಬಹುದು. ಜಠರದ ಕ್ಯಾನ್ಸರಿಗೆ ಕಾರಣವಾಗಬಲ್ಲ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾದ ಸೋಂಕಿದ್ದರೆ ಅದಕ್ಕೆ ಔಷಧ ಕೊಟ್ಟು, ಕಾಲಕಾಲಕ್ಕೆ ಎಂಡೋಸ್ಕೋಪಿ ಮಾಡಿಸುತ್ತಿರಬೇಕಾಗುತ್ತದೆ.